ಅಕ್ಕನ ಒಡಪಿನ ಖಾಲಿ ಜಾಗ

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾಗಿ ಬಂದಾಗ ಒಡಪು ಕಟ್ಟಿ ಹೇಳುತ್ತಾರೆ: ಎರಡು ಸಾಲು ಪ್ರಾಸ, ಮೂರನೆಯ ಸಾಲಿನಲ್ಲಿ ಹೆಸರು. ಹೊಸ ಸೊಸೆ ಹೊಸ್ತಿಲಿಗೆ ಬಂದಾಗ, ಬಸುರಿಗೆ ಮಾಡುವ ಕುಬಸದಲ್ಲಿ, ಮಗುವನ್ನು ತೊಟ್ಟಿಲಿಗೆ ಹಾಕುವಾಗ, ಉಳಿದ ಹೆಂಗಸರು ಅಡ್ಡಗಟ್ಟಿ "ಹೆಸರ ಹೇಳ, ಇಲ್ಲಾಂದ್ರ ಬಿಡೂದಿಲ್ಲ" ಎಂದು ಕಾಡುತ್ತಾರೆ. ನಿಪ್ಪಾಣಿ ಕಡೆಯವರು ಇದನ್ನೇ ಮರಾಠಿಯಲ್ಲಿ ಹೇಳಿ ಉಖಾಣಾ ಅನ್ನುತ್ತಾರೆ. ನಾನು ಈ ವಿದ್ಯೆಯಲ್ಲಿ ಶುದ್ಧ ದಡ್ಡಿ. ನನ್ನ ಮದುವೆಯ ದಿನ ಬಾಯಿ ಕಟ್ಟಿ ನಿಂತವಳಿಗೆ ನೆಗೆಣ್ಣಿ ಕಿವಿಯಲ್ಲಿ ಎರಡು ಸಾಲು ಊದಿದ್ದಳು, ಅದನ್ನೇ ಒಪ್ಪಿಸಿ ಒಳಗೆ ಬಂದೆ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕಾ ಎನ್ನುತ್ತೇನೆ. ಅಂಕಲಿಯ ಹತ್ತಿರ, ಹೊಳೆಗೆ ಹೆಚ್ಚು ದೂರವಿಲ್ಲದ ಊರು ನಮ್ಮದು. ಎರಡು ಸಂಸಾರ, ಒಂದೇ ಒಲೆ. ಅಕ್ಕನ ಒಡಪು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದವಳಲ್ಲ. ಹೊಳೆ ಬಂದರೆ ಹೊಳೆಯ ಮೇಲೆ, ಕಬ್ಬು ಕಡಿಯುವ ಗ್ಯಾಂಗ್ ಬಂದರೆ ಗ್ಯಾಂಗಿನ ಮೇಲೆ, ಚಿಕ್ಕೋಡಿ ಬಸ್ಸು ತಪ್ಪಿದರೆ ಬಸ್ಸಿನ ಮೇಲೆ, ನಿಂತಲ್ಲೇ ಕಟ್ಟುತ್ತಿದ್ದಳು. ಯಾವ ದಾರಿ ಹಿಡಿದರೂ ಕೊನೆಗೆ ಭಾವನವರ ಹೆಸರಿಗೇ ಬಂದು ಮುಟ್ಟುತ್ತಿದ್ದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಕಿರಿಯ ಸೊಸೆ, ಅದು ನನ್ನ ಬಾಯಿಂದಲೂ ಬರಬಾರದು, ಕೈಯಿಂದಲೂ ಬರಬಾರದು.

ನಾನು ಪಡಸಾಲೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತೇನೆ. ಹೊಲಿಯುವವರಿಗೆ ಕಣ್ಣು, ಕೈ ಬಿಡುವಿರುವುದಿಲ್ಲ, ಕಿವಿ ಮಾತ್ರ ಬಿಡುವು. ಅದಕ್ಕೇ ಕೆಲವು ವರ್ಷಗಳ ಹಿಂದೆ ಬಂದ ಒಂದು ಆ್ಯಪ್ ನನಗೆ ಬಹಳ ಹಿಡಿಸಿತು. ಅದರಲ್ಲಿ ಫೋಟೋ ಇಲ್ಲ, ವಿಡಿಯೋ ಇಲ್ಲ, ಬರೀ ದನಿ. ಮುಖ ತೋರಿಸಬಾರದು ಎಂದು ಕಟ್ಟಪ್ಪಣೆ ಇದ್ದ ಮನೆಗಳ ಹೆಂಗಸರೂ ಅದಕ್ಕೆ ಬಂದಿದ್ದರು. ಒಂದೊಂದು ಊರಿಗೆ ಒಂದೊಂದು ಕಟ್ಟೆ. ಚಿಕ್ಕೋಡಿ ಕಟ್ಟೆಯನ್ನು ಒತ್ತಿದರೆ ಚಿಕ್ಕೋಡಿಯವರ ಮಾತು, ಅಥಣಿ ಕಟ್ಟೆಯನ್ನು ಒತ್ತಿದರೆ ಅಥಣಿಯವರದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಒಬ್ಬಾಕೆ ಇದ್ದಳು, ಎಲೆ ಕತ್ತರಿಸುವ ಸದ್ದಿನ ನಡುವೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅತ್ತೆಯನ್ನು ಬಯ್ಯುತ್ತಿದ್ದಳು. ಎಂಥ ಬೈಗುಳ! ಸೂಜಿ ನಿಲ್ಲಿಸಿ ಕೇಳಬೇಕು. ಅಥಣಿಯ ದ್ರಾಕ್ಷಿ ತೋಟದವಳು ರಾಗ ಎಳೆದು ಮಾತಾಡುತ್ತಿದ್ದಳು. ಕಾಗವಾಡದವಳ ಮಾತಿನ ಹಿಂದೆ ಯಾವಾಗಲೂ ರೈಲು ಹೋಗುತ್ತಿತ್ತು. ಹೆಸರು ನೋಡದೆ, ಇದು ರಾಯಬಾಗದ್ದು, ಇದು ಹಾರೂಗೇರಿಯದು ಎಂದು ನಾನು ಹೇಳಿಬಿಡುತ್ತಿದ್ದೆ. ಮಂದಿಯ ಮುಖ ನೋಡದೆಯೇ ಅವರೆಲ್ಲ ನನ್ನ ಗೆಳತಿಯರಾಗಿದ್ದರು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಅಕ್ಕನೂ ಬಂದಳು. ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಶುರು ಮಾಡಿದಳು:

"ಹೊಳೀ ದಂಡ್ಯಾಗ ಕಬ್ಬು, ಕಬ್ಬಿನಾಗ ಸಕ್ಕರಿ,
ಸಿಟ್ಟ ಬಂದ್ರ ಹೊರಗ ಹೋಗತಾರ, ಹಸದ್ರ ಬರತಾರ್ರಿ..."

ಅಷ್ಟರಲ್ಲಿ ಹಿತ್ತಲಿಂದ ಭಾವನವರು "ಏ, ಸುಳ್ಳ!" ಎಂದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಭಾವನವರ ಹೆಸರು ಹೇಳಿ, "ಅವರ ಹೆಸರು ಹೇಳತೀನಿ, ಎಲ್ಲಾರೂ ಕೇಳ್ರಿ" ಎಂದು ಮುಗಿಸಿದಳು. ಅಳಿಸಿ ಮತ್ತೆ ಹೇಳು ಎಂದೆ. "ಇರಲಿ ಬಿಡ, ಅವರದೂ ಒಂದ ಮಾತ ಇರಲಿ" ಎಂದು ಹಾಗೆಯೇ ಕಟ್ಟೆಗೆ ಏರಿಸಿದಳು.

ಎರಡು ದಿನಕ್ಕೆ ಭಾವನವರು ಹೊಲದಿಂದ ಬಂದವರೇ ಮುಖ ಕೆಂಪಗೆ ಮಾಡಿಕೊಂಡು, "ಹೊಲಕ್ಕ ನೀರ ಬಿಡೂ ಮಂದಿ ಎಲ್ಲಾ ನಂಗ ಸುಳ್ಳ ಸುಳ್ಳ ಅನ್ನಾಕತ್ತಾರ, ಏನ ಮಾಡಿಟ್ಟಿ?" ಎಂದು ಕೇಳಿದರು. ಸಿಟ್ಟಿನಲ್ಲಿ ಕೇಳಿದಂತೆ ಮಾಡಿದರೂ ಆ ದಿನ ಒಂದು ಚಪಾತಿ ಹೆಚ್ಚಿಗೆ ತಿಂದರು. ಬಹಳ ಕಡಿಮೆ ಮಾತಿನ ಮನುಷ್ಯ. ಫೋನ್ ಎತ್ತಿದರೆ "ಹೂಂ" ಅಂದು ಇಡುವವರು.

ಆಮೇಲೆ ಆ್ಯಪ್ ಬದಲಾಗತೊಡಗಿತು. ಯಾರೋ ದೊಡ್ಡ ಊರಿನಲ್ಲಿ ಕೂತು, ಮಂದಿ ಇನ್ನೂ ಹೆಚ್ಚು ಹೊತ್ತು ಇದರಲ್ಲೇ ಇರಬೇಕು ಎಂದು ಲೆಕ್ಕ ಹಾಕಿದ್ದಿರಬೇಕು. ಮೊದಲು ಫೋಟೋ ಬಂತು. ಆಮೇಲೆ ವಿಡಿಯೋ. ಒಂದು ದಿನ ತೆರೆದರೆ ಕಟ್ಟೆಗಳೇ ಇಲ್ಲ. ಚಿಕ್ಕೋಡಿ ಇಲ್ಲ, ಅಥಣಿ ಇಲ್ಲ. ಅವುಗಳ ಜಾಗದಲ್ಲಿ "ನಿಮಗಾಗಿ" ಎಂಬ ಒಂದೇ ಬಾಗಿಲು. ನನಗೆ ಏನು ಬೇಕು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಆದರೂ ಅದು ನನಗಾಗಿ! ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗಬೇಕು, ಬಂದದ್ದನ್ನು ನೋಡಬೇಕು. ಫೋಟೋದ ಆ್ಯಪ್ ಬೇರೆ ಇತ್ತು, ಸುದ್ದಿ ಬರೆಯುವ ಆ್ಯಪ್ ಬೇರೆ ಇತ್ತು, ಅವೂ ಅಷ್ಟರಲ್ಲಿ ಹೀಗೆಯೇ ಆಗಿದ್ದವು. ಕೆಲಸದ ನಡುವೆ ಫೋನ್ ಎತ್ತಿಕೊಂಡರೆ ಯಾವುದರ ಒಳಗಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ. ನನ್ನ ಆ ಆ್ಯಪೂ ಹತ್ತರ ಕೂಡ ಹನ್ನೊಂದಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ಮಂದಿಯೂ ಬದಲಾದರು, ಪಾಪ. ಬದಲಾಗದೆ ಇದ್ದರೆ ಯಾರ ಕಿವಿಗೂ ಬೀಳುವುದಿಲ್ಲವಲ್ಲ. ನಿಪ್ಪಾಣಿಯ ಬೀಡಿಯವಳು ಒಂದು ದಿನ "ಹಾಯ್ ಫ್ರೆಂಡ್ಸ್, ಕೊನೇವರೆಗೂ ನೋಡಿ" ಎಂದು ಶುರು ಮಾಡಿದಳು. ಹೆಸರು ನೋಡುವವರೆಗೆ ನಾನು ಅವಳನ್ನು ಗುರುತಿಸಲಿಲ್ಲ. ಹಿಂದೆ ಎಲೆ ಕತ್ತರಿಸುವ ಸದ್ದು ಇರಲಿಲ್ಲ, ಯಾವುದೋ ಹಾಡು ಬಡಿದುಕೊಳ್ಳುತ್ತಿತ್ತು. ಬೈಗುಳವೇ ಇಲ್ಲ. ಅತ್ತೆಯನ್ನು ಹೊಗಳುತ್ತಿದ್ದಳು! ಅಥಣಿಯವಳ ಎಳೆತವೂ ಹೋಗಿತ್ತು. ಕಣ್ಣು ಮುಚ್ಚಿ ಕೇಳಿದರೆ ಎಲ್ಲರೂ ಒಬ್ಬಳೇ ಆಗಿದ್ದರು. ಅಕ್ಕ ಹೊಸದಾಗಿ ಕಟ್ಟಿದ ಒಡಪುಗಳನ್ನು ಯಾರೂ ಕೇಳಲಿಲ್ಲ. ಆದರೆ ಆ ಹಳೆಯ ಸಕ್ಕರೆಯ ಒಡಪನ್ನು ಮಾತ್ರ ಆ ಯಂತ್ರ ಹೆಕ್ಕಿಕೊಂಡಿತು. ಅದರ ದನಿಯನ್ನು ಎತ್ತಿ ಯಾರು ಬೇಕಾದರೂ ತಮ್ಮ ವಿಡಿಯೋಕ್ಕೆ ಹಾಕಿಕೊಂಡು ತುಟಿ ಆಡಿಸಬಹುದು ಎಂದಾಯಿತು. ಯಾರ ದನಿ, ಯಾವ ಊರಿನದು ಎಂಬುದು ಎಲ್ಲಿಯೂ ಇರಲಿಲ್ಲ. ಹೊಸ ಮದುಮಗಳು, ಮೀಸೆಯ ಗಂಡಸರು, ಎಮ್ಮೆಗೆ ಸೀರೆ ಹೊದಿಸಿದವನೊಬ್ಬ, ಎಲ್ಲರ ಬಾಯಿಂದಲೂ ನಮ್ಮ ಅಕ್ಕನ ದನಿ, ಕೊನೆಗೆ ನಮ್ಮ ಭಾವನವರ ಹೆಸರು. ನಾವು ಮೊದಮೊದಲು ಬಿದ್ದು ಬಿದ್ದು ನಕ್ಕೆವು. "ನಿನ್ನ ಗಂಡಗ ಎಷ್ಟ ಮಂದಿ ಹೆಂಡ್ರು ನೋಡ ಬೇ ಅಕ್ಕಾ" ಎಂದು ನಾನು ಕಾಡಿಸಿದ್ದೂ ಉಂಟು.

ಕಬ್ಬಿನ ಹಂಗಾಮಿನಲ್ಲಿ ಭಾವನವರು ಹೋದರು. ಬೆಳಿಗ್ಗೆ ಹೊಲಕ್ಕೆ ಹೋದವರು, ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತರಂತೆ. ಚಿಕ್ಕೋಡಿ ದವಾಖಾನೆ ಮುಟ್ಟುವುದರೊಳಗೆ ಎಲ್ಲಾ ಮುಗಿದಿತ್ತು.

ಗಂಡ ಹೋದ ಹೆಂಗಸನ್ನು ಯಾರೂ ಒಡಪು ಕೇಳುವುದಿಲ್ಲ. ಯಾರು ಈ ರಿವಾಜು ಮಾಡಿಟ್ಟರೋ, ಅವರ ಮುಖಕ್ಕಿಷ್ಟು ಬೆಂಕಿ ಹಾಕಬೇಕು. ಅಕ್ಕನ ಬಾಯಿ ಅಲ್ಲಿಗೆ ಕಟ್ಟಿತು. ಆಮೇಲೆ ನನಗೆ ಹೊಳೆದದ್ದು ಇದು: ನಮ್ಮ ಮನೆಯಲ್ಲಿ ಭಾವನವರ ಹೆಸರು ಹೇಳುವವರೇ ಇಲ್ಲ. ನಾನು ಹೇಳುವಂತಿಲ್ಲ. ನನ್ನ ಗಂಡನಿಗೆ ಅವರು ಅಣ್ಣ, ನನ್ನ ಮಕ್ಕಳಿಗೆ ದೊಡ್ಡಪ್ಪ. ಅಕ್ಕನಿಗೆ ಮಕ್ಕಳಿಲ್ಲ. ಆ ಹೆಸರನ್ನು ಲೋಕದಲ್ಲಿ ಹೇಳುತ್ತಿದ್ದವರು ಫೋನಿನೊಳಗಿನ ಅಪರಿಚಿತರು ಮಾತ್ರ.

ಕೆಲವು ತಿಂಗಳು ಅಕ್ಕ ಫೋನ್ ಮುಟ್ಟಲಿಲ್ಲ. ಒಂದು ದಿನ ಮಧ್ಯಾಹ್ನ ನಾನು ಹೊಲಿಯುತ್ತಿದ್ದಾಗ ಬಂದು, ಫೋನ್ ಚಾಚಿ, "ಇವರು ಎಲ್ಲಿ ಹೋದ್ರು?" ಎಂದು ಕೇಳಿದಳು.

ಈಕೆಗೆ ಏನೋ ಆಯಿತು ಅಂದುಕೊಂಡೆ. "ಕೇಳ" ಎಂದು ತನ್ನ ಒಡಪನ್ನೇ ಹಚ್ಚಿದಳು. "ಹಸದ್ರ ಬರತಾರ್ರಿ" ಎಂಬಲ್ಲಿಗೆ ಬಂತು. ಆಮೇಲೆ ಏನೂ ಇಲ್ಲ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಅಕ್ಕನ ನಗು. "ಏ, ಸುಳ್ಳ" ಎಂಬುದು ಇರಲಿಲ್ಲ.

ನಾವು ಮತ್ತೆ ಮತ್ತೆ ಹಚ್ಚಿ ಕೇಳಿದೆವು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು, ಕೇಳುವವರ ಅನುಕೂಲಕ್ಕಾಗಿ ಹಿನ್ನೆಲೆಯ ಗದ್ದಲ ತೆಗೆದು ದನಿಯನ್ನು ಶುದ್ಧ ಮಾಡಲಾಗಿದೆ ಎಂದು. ಭಾವನವರು ಗದ್ದಲದ ಲೆಕ್ಕಕ್ಕೆ ಹೋಗಿದ್ದರು. ಮನೆಯಲ್ಲಿ ಅವರ ಫೋಟೋಗಳು ಇದ್ದವು, ಅಂಗಿಗಳು ಇದ್ದವು, ದನಿ ಮಾತ್ರ ಅದೊಂದೇ ಕಡೆ ಇತ್ತು. ಅಕ್ಕ ಅದನ್ನು ಆ್ಯಪಿನಲ್ಲೇ ರೆಕಾರ್ಡ್ ಮಾಡಿದ್ದಳು, ಫೋನಿನಲ್ಲಿ ಬೇರೆ ಉಳಿದಿರಲಿಲ್ಲ. ಚಿಕ್ಕೋಡಿಯ ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವನು ನೋಡಿ, "ಇದು ನಮ್ಮ ಕೈಯಾಗ ಇಲ್ರಿ ಕಾಕೂ, ಅವರ ಕಡೇನ ಬದಲಾಗೇತಿ" ಎಂದ. ಆ್ಯಪಿನವರಿಗೇ ಬರೆದೆವು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಕ್ಷಣದಲ್ಲಿ ಉತ್ತರ ಬಂತು. ಮನುಷ್ಯ ಬರೆದದ್ದಲ್ಲ ಎಂದು ನನಗೂ ತಿಳಿಯಿತು.

ಅಂದಿನಿಂದ ಅಕ್ಕ ಹುಡುಕಲು ಕೂತಳು. ಲಕ್ಷ ಜನ ಎತ್ತಿಕೊಂಡಿದ್ದಾರೆ, ಯಾರದಾದರೂ ಒಂದರಲ್ಲಿ ಹಳೆಯದು ಉಳಿದಿರಬೇಕು ಎಂದು ಅವಳ ಆಸೆ. ಒಂದಾದ ಮೇಲೆ ಒಂದು ಮೇಲಕ್ಕೆ ತಳ್ಳುತ್ತಾ ಹೋಗುತ್ತಿದ್ದಳು. ಎಲ್ಲವೂ ಶುದ್ಧ. ನಾನೂ ಪಕ್ಕದಲ್ಲಿ ಕೂತು ನೋಡಿದೆ, ನೋಡಬಾರದಿತ್ತು. ಆ ಖಾಲಿ ಜಾಗ ಬಂದಾಗ ಮಂದಿ ಏನಾದರೂ ಮಾಡಬೇಕಲ್ಲ. ಯಾರೋ ಒಬ್ಬಾಕೆ ಅಲ್ಲಿ ಕತ್ತನ್ನು ಎಡಕ್ಕೆ ಹೊರಳಿಸಿ, ಯಾರೋ ಕರೆದದ್ದನ್ನು ಕೇಳಿಸಿಕೊಂಡಂತೆ ಮಾಡಿ ನಕ್ಕಿದ್ದಳು. ಆ ವಿಡಿಯೋ ಭಾರೀ ಓಡಿತು. ಅದನ್ನು ನೋಡಿ ಎಲ್ಲರೂ ಹಾಗೆಯೇ ಮಾಡತೊಡಗಿದರು. ಬೇರೆ ಬೇರೆ ಅಡುಗೆಮನೆ, ಬೇರೆ ಬೇರೆ ಸೀರೆ, ಬೇರೆ ಬೇರೆ ಮುಖ. "ಬರತಾರ್ರಿ" ಎನ್ನುತ್ತಲೇ ಎಲ್ಲರ ಕತ್ತೂ ಎಡಕ್ಕೆ. ನಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತರೆ ಹಿತ್ತಲು ಎಡಕ್ಕೇ ಇದೆ. ಅದನ್ನು ಅವರಿಗೆ ಯಾರು ಹೇಳಿಕೊಟ್ಟರು ಎಂದು ನನಗೆ ಈಗಲೂ ತಿಳಿಯದು.

ಒಮ್ಮೆ ರಾಯಬಾಗಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಹಾಡುಹಗಲು, ತುಂಬಿದ ಬಸ್ಸು. ಮುಂದಿನ ಸೀಟಿನಲ್ಲಿ ಒಂದು ಫೋನಿನಿಂದ ಅಕ್ಕನ ದನಿ ಶುರುವಾಯಿತು. ಹಿಂದಿನಿಂದ ಇನ್ನೊಂದು. ಡ್ರೈವರ್ ಕಡೆಯಿಂದ ಮತ್ತೊಂದು. ಮೂರೂ ಹೆಚ್ಚುಕಡಿಮೆ ಒಟ್ಟಿಗೇ ಆ ಜಾಗಕ್ಕೆ ಬಂದವು, ಮೂರೂ ಒಟ್ಟಿಗೆ ಸುಮ್ಮನಾದವು. ಬಸ್ಸಿನಲ್ಲಿ ಮಾತಾಡುತ್ತಿದ್ದವರೂ ಯಾಕೋ ಅದೇ ಹೊತ್ತಿಗೆ ಸುಮ್ಮನಾದರು. ಮುಂದಿನ ಊರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿದೆ.

ಮನೆಯಲ್ಲೂ ಅದು ಬಂತು. ಅಕ್ಕ ಚಪಾತಿ ಲಟ್ಟಿಸುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸುತ್ತಿದ್ದಳು. ಕತ್ತು ಎಡಕ್ಕೆ ವಾಲುತ್ತಿತ್ತು. ಅಷ್ಟೇ ಹೊತ್ತು, ಫೋನಿನಲ್ಲಿ ಇದ್ದಷ್ಟೇ ಹೊತ್ತು. ಆಮೇಲೆ ಮತ್ತೆ ಲಟ್ಟಿಸುತ್ತಿದ್ದಳು. ಅವಳಿಂದ ಲೋಕ ಕಲಿಯಿತೋ, ಲೋಕದಿಂದ ಅವಳು ಕಲಿತಳೋ ನನಗೆ ಗೊತ್ತಾಗಲಿಲ್ಲ. "ಅಕ್ಕಾ, ಏನ ಕೇಳಾಕತ್ತಿ?" ಎಂದರೆ "ಏನಿಲ್ಲ" ಎನ್ನುತ್ತಿದ್ದಳು. ಒಂದು ದಿನ ಮಾತ್ರ ಬೇರೆ ಹೇಳಿದಳು. "ನನ್ನ ದನೀನೂ ನಂದ ಅನಸವಲ್ದು ತಂಗಿ. ಯಾರೋ ನನ್ನಂಗ ಮಾತಾಡಾಕತ್ತಂಗ ಐತಿ. ಅವರ ಹೆಸರಷ್ಟ ಖರೇ ಅನಸ್ತೈತಿ. ಆದ್ರ ಆ ಫೋನಿನಾಗ ಅದೂ ತಣ್ಣಗ ಆಗೇತಿ. ಯಾರಾರ ಖರೇ ಬಾಯಿಲೆ ಒಮ್ಮೆ ಹೇಳಿದ್ರ ಸಾಕಿತ್ತು." ನಾನು ಅತ್ತುಬಿಟ್ಟೆ. ನಾನಾದರೂ ಹೇಳಿಬಿಡಲೇ ಎಂದು ಬಾಯಿಗೆ ಬಂತು. ಆದರೆ ಇಷ್ಟು ವರ್ಷ ಕಟ್ಟಿದ ನಾಲಿಗೆ ಏಳಲಿಲ್ಲ.

ಮುಂದಿನ ವರ್ಷ ನನ್ನ ಮಗನ ಮದುವೆಯಾಯಿತು. ಹುಡುಗಿ ಅಥಣಿಯ ಆಚೆಯವಳು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಆದ್ದರಿಂದ ದಿಬ್ಬಣ ಬಿಸಿಲು ಇರುವಾಗಲೇ ಮನೆಗೆ ಬಂತು. ಹೊಸ್ತಿಲ ಮೇಲೆ ಸೇರಿನ ತುಂಬ ಅಕ್ಕಿ ಇಟ್ಟಿದ್ದೆವು. ಆರತಿ ತಟ್ಟೆ ನನ್ನ ಕೈಯಲ್ಲಿತ್ತು. ಅಕ್ಕನನ್ನು ಮುಂದೆ ಬಾ ಎಂದು ಕರೆದೆ. "ನಾ ಇಲ್ಲೇ ಇರತೇನಿ" ಎಂದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನನ್ನ ಮಗಳು ಎರಡೂ ಕೈ ಚಾಚಿ ತಲೆಬಾಗಿಲನ್ನು ಅಡ್ಡಗಟ್ಟಿ, "ಹೆಸರ ಹೇಳ ವೈನಿ, ಇಲ್ಲಾಂದ್ರ ಇಲ್ಲೇ ನಿಂದ್ರ" ಎಂದಳು.

ಹುಡುಗಿ ಹೆದರಿದ್ದಳು. ಅವಳೂ ನನ್ನ ಹಾಗೆ ಫೋನಿನ ಮುಂದೆ ಕೂತವಳೇ, ಆದರೆ ಅವಳ ಕಾಲಕ್ಕೆ ಕಟ್ಟೆಗಳು ಇರಲಿಲ್ಲ. ಅದು ಯಾರ ಮನೆಯ ಮಾತು ಎಂದು ತಿಳಿಯಲು ಅವಳಿಗೆ ದಾರಿಯೇ ಇರಲಿಲ್ಲ. ಎಲ್ಲರೂ ಹೇಳುವುದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ಹೊಳೀ ದಂಡ್ಯಾಗ ಕಬ್ಬು, ಕಬ್ಬಿನಾಗ ಸಕ್ಕರಿ..."

ಅಥಣಿ ಕಡೆಯ ಎಳೆತ ಅವಳ ಮಾತಿನಲ್ಲಿ ಒಂದಿಷ್ಟೂ ಇರಲಿಲ್ಲ. ಅಕ್ಕ ಉಸಿರು ತೆಗೆದುಕೊಂಡ ಕಡೆಯಲ್ಲೇ ಉಸಿರು ತೆಗೆದುಕೊಂಡಳು. "ಹಸದ್ರ ಬರತಾರ್ರಿ" ಎಂದು ನಿಂತಳು. ಕತ್ತು ಎಡಕ್ಕೆ ಹೊರಳಿತು. ಅಂಗಳದಲ್ಲಿದ್ದ ಅಷ್ಟು ಮಂದಿ ಸುಮ್ಮನಾದರು. ಆಮೇಲೆ ಅಕ್ಕನ ನಗುವನ್ನು ನಕ್ಕು, ನನ್ನ ಮಗನ ಹೆಸರು ಹೇಳಬೇಕಾದಲ್ಲಿ ಭಾವನವರ ಹೆಸರು ಹೇಳಿಬಿಟ್ಟಳು.

ಮಗನ ಮುಖ ಬಿಳಿಚಿತು. ಹಿರಿಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಹೊಸ್ತಿಲಲ್ಲಿ ಸತ್ತವರ ಹೆಸರು, ಅದೂ ಗಂಡನ ಹೆಸರಿನ ಜಾಗದಲ್ಲಿ! ಅಪಶಕುನ ಎಂದು ಯಾರೋ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಹುಡುಗಿಗೆ ತಾನು ಏನು ಹೇಳಿದೆ ಎಂಬುದೇ ಗೊತ್ತಿರಲಿಲ್ಲ, ನಮ್ಮ ಮುಖ ನೋಡಿ ಅಳು ಬಂತು.

ಜನರ ನಡುವೆ ದಾರಿ ಮಾಡಿಕೊಂಡು ಅಕ್ಕ ಮುಂದೆ ಬಂದಳು. ಶುಭಕಾರ್ಯದ ಹೊಸ್ತಿಲಿಗೆ ಅವಳು ಬಂದಿದ್ದು ಭಾವನವರು ಹೋದ ಮೇಲೆ ಅದೇ ಮೊದಲು. ಬಯ್ಯುತ್ತಾಳೆ ಎಂದು ಎಲ್ಲರೂ ತಿಳಿದರು. ಅಕ್ಕ ನನ್ನ ಮಗಳನ್ನು ಪಕ್ಕಕ್ಕೆ ಸರಿಸಿ, ತಾನು ಬಾಗಿಲಲ್ಲಿ ನಿಂತು, "ಇನ್ನೊಮ್ಮೆ ಹೇಳವ್ವಾ" ಎಂದಳು.

ಹುಡುಗಿ ಕಣ್ಣು ಒರೆಸಿಕೊಂಡು ಮತ್ತೆ ಹೇಳಿದಳು. ಈ ಸಲ ಎಚ್ಚರದಿಂದ, ನನ್ನ ಮಗನ ಹೆಸರನ್ನೇ ಹೇಳಿದಳು. ಹೆಂಗಸರು ಉಸಿರು ಬಿಟ್ಟರು. ಯಾರೋ ಅಕ್ಷತೆ ತೂರಲು ಕೈ ಎತ್ತಿದರು.

ಅಕ್ಕ ತಲೆ ಅಲ್ಲಾಡಿಸಿದಳು. "ಅದಲ್ಲ ತಂಗಿ. ಮೊದಲ ಹೇಳಿದ್ಯಲ್ಲ, ಅದನ್ನ ಹೇಳ."

ಹುಡುಗಿ ಅತ್ತ ಇತ್ತ ನೋಡಿ ಕೊನೆಗೆ ನನ್ನ ಮುಖ ನೋಡಿದಳು. ನನ್ನ ಮಗನ ಹೊಸ್ತಿಲು, ನನ್ನ ಮನೆಗೆ ಬಂದ ಸೊಸೆ. ಬೇಡ ಎನ್ನುವುದು ನನ್ನ ಕೈಯಲ್ಲಿತ್ತು. ನನಗೆ ಹೆದರಿಕೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಹೇಳು ಎಂದು ತಲೆಯಾಡಿಸಿದೆ.

ಹುಡುಗಿ ಒಡಪು ಹೇಳಲಿಲ್ಲ. ಎರಡು ಸಾಲು ಬಿಟ್ಟು, ಭಾವನವರ ಹೆಸರೊಂದನ್ನೇ ಹೇಳಿದಳು, ತನ್ನ ಸ್ವಂತ ದನಿಯಲ್ಲಿ, ತನ್ನ ಊರಿನ ಎಳೆತದಲ್ಲಿ, ಅಂಗಳದಲ್ಲಿರುವ ಒಬ್ಬರನ್ನು ಕರೆದ ಹಾಗೆ.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಬಾಗಿಲು ಬಿಟ್ಟು ಸರಿದು, "ಒಳಗ ಬರ್ರಿ" ಎಂದಳು. ಮಗ, ಸೊಸೆ ಸೇರು ಒದ್ದು ಒಳಗೆ ಬಂದರು. ಅವರು ಒಳಗೆ ಬಂದ ಮೇಲೂ ಅಕ್ಕ ಅಂಗಳದ ಕಡೆ ನೋಡುತ್ತಾ, ಇನ್ನೊಬ್ಬರು ಹಾಯುವಷ್ಟು ಜಾಗ ಬಿಟ್ಟುಕೊಂಡು, ಸ್ವಲ್ಪ ಹೊತ್ತು ಬಾಗಿಲ ಪಕ್ಕದಲ್ಲೇ ನಿಂತಿದ್ದಳು.